ಕೊಟ್ಟಿಗೆಯ ಪದ್ಮಿನಿಯನ್ನು ಮಗಳ ಜೊತೆ ರಸ್ತೆಗೆ ತಂದ ಬಗೆ: ಮಲೆನಾಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯ ಕೊಟ್ಟಿಗೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರು ಹನ್ನೊಂದು ಮಳೆಗಾಲ ನಿಂತಿತ್ತು. 1984ರ ಗಾಡಿ. ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಕೊಂಡದ್ದು. ಅಪ್ಪ ಹೋದ ಮೇಲೆ ಅದರ ಮೇಲೆ ಮೊದಲು ಟಾರ್ಪಾಲು ಬಿತ್ತು, ಆಮೇಲೆ ಅಡಿಕೆ ಹಾಳೆಯ ಕಟ್ಟು, ಕೊನೆಗೆ ಕೋಳಿಗಳು ಹತ್ತಿ ಕೂತವು. ಒಂದು ರಜೆಯಲ್ಲಿ ಹನ್ನೆರಡು ವರ್ಷದ ಮಗಳು, "ಅಪ್ಪಾ, ಅಜ್ಜನ ಕಾರು ಸ್ಟಾರ್ಟ್ ಆಗತ್ತಾ?" ಎಂದು ಕೇಳಿದಳು. ಆಗಲ್ಲ ಎಂದೆ. "ಯಾಕಾಗಲ್ಲ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲಸ ಶುರುವಾದದ್ದು ಹಾಗೆ.

ನಾನು ಮೆಕ್ಯಾನಿಕ್ ಅಲ್ಲ. ಶಿವಮೊಗ್ಗದಲ್ಲಿ ಆಫೀಸು ಕೆಲಸ, ಶನಿವಾರ ಭಾನುವಾರ ಊರು. ನಮಗೆ ಎರಡು ಬೇಸಿಗೆ ಹಿಡಿಯಿತು. ನಿಮ್ಮ ಮನೆಯಲ್ಲಿ ಅಂಬಾಸಿಡರ್ ಇರಬಹುದು, ಹಳೇ ಮಾರುತಿ 800 ಇರಬಹುದು. ಪಾರ್ಟು ಬೇರೆಯಾದರೂ ಕೆಲಸದ ಕ್ರಮ ಅದೇ.

ಆ ಕ್ರಮದ ಬಗ್ಗೆಯೇ ನನಗೆ ಜಾಸ್ತಿ ಹೇಳಬೇಕಿರುವುದು. ಹೆಚ್ಚಿನವರು ಗಾಡಿಯನ್ನು ಸೀದಾ ಟಿಂಕರಿಂಗ್ ಶೆಡ್ಡಿಗೆ ಸಾಗಿಸಿ ಬಣ್ಣ ಹೊಡೆಸುತ್ತಾರೆ, ಆಮೇಲೆ ಎಂಜಿನ್ ನೋಡುತ್ತಾರೆ. ನಮ್ಮ ಮಾವನ ಅಂಬಾಸಿಡರಿಗೆ ಹೀಗೇ ಮಾಡಿದ್ದೆವು. ಮದುವೆ ಗಾಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಮಳೆಗಾಲ ಕಳೆದದ್ದೇ ತಡ, ಬಾಗಿಲ ಕೆಳಗಿನ ಪಟ್ಟಿಯಲ್ಲಿ ಹಪ್ಪಳದ ಹಾಗೆ ಗುಳ್ಳೆ ಎದ್ದವು. ಬೆರಳಿಟ್ಟರೆ ಪುಟ್ಟಿ ಸಮೇತ ಕಳಚಿ ಬಂತು, ಒಳಗೆ ತಗಡೇ ಇರಲಿಲ್ಲ. ಅದಕ್ಕೆ ಈ ಸಲ ಬಣ್ಣ ಕಟ್ಟಕಡೆಗೆ ಎಂದು ತೀರ್ಮಾನಿಸಿದೆ. ಮೊದಲು ಕಾಗದ, ಆಮೇಲೆ ಎಂಜಿನ್, ಬ್ರೇಕ್, ತಗಡು, ವೈರು. ಮಕ್ಕಳ ಲೆಕ್ಕದಲ್ಲೂ ಇದೇ ಸರಿ. ಆರು ತಿಂಗಳು ಬರೀ ಎಮರಿ ಪೇಪರ್ ಉಜ್ಜಿಸಿದರೆ ಯಾವ ಮಗು ನಿಲ್ಲುತ್ತದೆ? ಒಂದು ಸಲ ಎಂಜಿನ್ ಗುಡುಗಿದರೆ ಆಮೇಲೆ ಅವರೇ ನಿಮ್ಮನ್ನು ಎಬ್ಬಿಸಿಕೊಂಡು ಹೋಗುತ್ತಾರೆ.

ಕಾಗದ ಮತ್ತು ಪೆನ್ಸಿಲ್

ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಆರ್‌ಸಿ, ಅಂದರೆ ನೋಂದಣಿ ಪತ್ರ ಹುಡುಕಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಫಾರಂ 25 ಕೊಟ್ಟು, ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ ನವೀಕರಿಸಬೇಕು. ಹಳೇ ಗಾಡಿಯ ಫೀ ಈಚೆಗೆ ಪದೇ ಪದೇ ಏರಿದೆ, ಹೊರಡುವ ಮುಂಚೆ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಿ. ಮಾಲೀಕರು ತೀರಿಹೋಗಿದ್ದರೆ ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಲು ಫಾರಂ 31, ಮರಣ ಪ್ರಮಾಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಒಪ್ಪಿಗೆಯನ್ನು ಗಾಡಿ ರೆಡಿಯಾಗುವ ಮುಂಚೆಯೇ ತೆಗೆದುಕೊಳ್ಳಿ. ಗುಜರಿಯಂತಿರುವಾಗ ಯಾರಿಗೂ ಬೇಡವಾದ ಕಾರು ಹೊಳೆಯತೊಡಗಿದರೆ ಎಲ್ಲರಿಗೂ ಬೇಕಾಗುತ್ತದೆ!

50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಎಂಬ ಬೇರೆ ದಾರಿ ಬಂದಿದೆ. ನಂಬರಿನ ನಡುವೆ 'ವಿಎ' ಅಕ್ಷರ, ಫೀ 20,000 ರೂಪಾಯಿ, 10 ವರ್ಷದ ಅವಧಿ. ಆದರೆ ಆ ಗಾಡಿಯನ್ನು ದಿನಾ ಪೇಟೆಗೆ ಓಡಿಸುವಂತಿಲ್ಲ. ನಮ್ಮದು 1984ರದ್ದು, ಮಾಮೂಲಿ ನವೀಕರಣವೇ ಗತಿ.

ಇಲ್ಲಿ ಮಗುವಿಗೆ ಮೊದಲ ಕೆಲಸ ಕೊಡಿ. ಗಾಡಿಯ ಮೈಮೇಲೆ ಕೊರೆದಿರುವ ಗುರುತಿನ ನಂಬರ್, ಅಂದರೆ ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು. ನಾಣ್ಯದ ಅಚ್ಚು ತೆಗೆಯುವ ಆಟವೇ ಇದು, ಆರ್‌ಟಿಒ ಕೆಲಸಕ್ಕೂ ಬೇಕಾಗುತ್ತದೆ. ನಮ್ಮ ಗಾಡಿಯಲ್ಲಿ ಮೂರು ಅಂಕಿ ತುಕ್ಕಿನ ಅಡಿಯಲ್ಲಿದ್ದವು. ಮಗಳು ಸೀಮೆಎಣ್ಣೆ ಬಟ್ಟೆಯಲ್ಲಿ ಅರ್ಧ ಗಂಟೆ ಒರೆಸಿ ಒಂದೊಂದೇ ಅಂಕಿ ಓದಿ ಹೇಳಿದಳು, ನಾನು ಆರ್‌ಸಿ ಹಿಡಿದು ತಾಳೆ ನೋಡಿದೆ. ಈ ಜಾಗವನ್ನು ಗ್ರೈಂಡರಿನಲ್ಲಿ ಉಜ್ಜಬೇಡಿ, ದಪ್ಪ ಬಣ್ಣದಲ್ಲಿ ಮುಚ್ಚಬೇಡಿ. ನಂಬರ್ ಅಳಿಸಿದರೆ ಗಾಡಿ ಗುಜರಿಗೇ.

ಯಾವಾಗ, ಯಾರಿಗೆ ಯಾವ ಕೆಲಸ

ಆಗುಂಬೆ ಸುತ್ತ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಜ್ಜಿದ ತಗಡು ರಾತ್ರಿ ಬೆಳಗಾಗುವುದರಲ್ಲಿ ಕೆಂಪಾಗುತ್ತದೆ. ಅಡಿಕೆ ಕೊಯ್ಲಿನ ಗಲಾಟೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ನಮಗೆ ಸಿಗುವುದು ಸಂಕ್ರಾಂತಿಯಿಂದ ಮೇ ಕೊನೆವರೆಗಿನ ಬಿಸಿಲು. ತಗಡು ಮತ್ತು ಬಣ್ಣವನ್ನು ಈ ಅವಧಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವುದು), ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವುದು), ಡೈನಮೊ (ಕರೆಂಟು ಹುಟ್ಟಿಸುವುದು) ಇಂಥವನ್ನು ಮನೆಯೊಳಗೆ ಚಾಪೆ ಹಾಸಿ ಬಿಚ್ಚಿ.

ಏಳೆಂಟು ವರ್ಷದ ಮಗು ನಟ್ಟು ಬೋಲ್ಟು ವಿಂಗಡಿಸಬಲ್ಲದು, ಫೋಟೋ ತೆಗೆಯಬಲ್ಲದು. ಹತ್ತು ದಾಟಿದರೆ ಪಾನಾ ಕೊಡಿ. ಹದಿನಾಲ್ಕಕ್ಕೆ ಕರೆಂಟು ಅಳೆಯುವ ಮಲ್ಟಿಮೀಟರ್ ಹಿಡಿದು ವೈರಿಂಗ್ ಪೂರ್ತಿ ಅವರಿಗೇ ಬಿಡಬಹುದು. ವೆಲ್ಡಿಂಗ್, ಗ್ರೈಂಡರ್, ಸ್ಪ್ರೇ ಪೇಂಟ್, ಜಾಕಿ ಮೇಲಿನ ಗಾಡಿಯ ಅಡಿ ನುಗ್ಗುವುದು, ಈ ನಾಲ್ಕಕ್ಕೆ ಮಕ್ಕಳು ಬೇಡವೇ ಬೇಡ. ಅಂಗಳದಲ್ಲಿ ನಿಮ್ಮ ತೊಡೆ ಮೇಲೆ ಕೂತು ಸ್ಟೀರಿಂಗ್ ತಿರುಗಿಸಿದರೆ ಸರಿ, ರಸ್ತೆಗೆ ಹದಿನೆಂಟಾಗಬೇಕು.

ಒಂದು ಉದ್ದ ನೋಟ್‌ಬುಕ್ ತನ್ನಿ. ಅದು ಮಗುವಿನ ಸ್ವತ್ತು, ನೀವು ಬರೆಯಬೇಡಿ. ಯಾವ ದಿನ ಏನು ಬಿಚ್ಚಿದಿರಿ, ಎಷ್ಟು ನಂಬರ್ ಪಾನಾ, ವಾಷರ್ ಯಾವ ಕಡೆ ಇತ್ತು. ಬಿಚ್ಚಿದ್ದನ್ನೆಲ್ಲ ಉಪ್ಪಿನಕಾಯಿ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿ. ನನ್ನ ನೆನಪಿನ ಮೇಲೆ ನನಗೆ ಭಾರಿ ನಂಬಿಕೆ ಇತ್ತು. ಎಂಟು ತಿಂಗಳ ಮೇಲೆ ವೈಪರ್ ಜೋಡಿಸುವಾಗ ಮಗಳ ಪುಸ್ತಕವೇ ಕಾಪಾಡಿತು.

ಹೊರಗೆ ಎಳೆಯುವ ದಿನ

ಸುಮ್ನೆ ಬಾಗಿಲು ತೆಗೆದು ಕೈ ಹಾಕಬೇಡಿ. ಸೀಟಿನ ಅಡಿ, ಬಾನೆಟ್ಟಿನ ಒಳಗೆ, ಡಿಕ್ಕಿಯಲ್ಲಿ ಉದ್ದ ಕೋಲಿನಿಂದ ತಡಕಿ. ನಮಗೆ ಸಿಕ್ಕಿದ್ದು ಹಾವಿನ ಪೊರೆ, ಕಣಜದ ಗೂಡು, ಹಿಂದಿನ ಸೀಟಿನ ತೆಂಗಿನ ನಾರಿನಲ್ಲಿ ಇಲಿ ಸಂಸಾರ. ಇಲಿ ಉಚ್ಚೆ ಇರುವ ಕಡೆ ಕೈಗವಸು, ಮಾಸ್ಕ್ ಕಡ್ಡಾಯ. ಒಣಗಿದ್ದನ್ನು ಗುಡಿಸಬೇಡಿ, ಬ್ಲೀಚಿಂಗ್ ನೀರು ಚಿಮುಕಿಸಿ ಒದ್ದೆ ಮಾಡಿ ಒರೆಸಿ. ನಮ್ಮ ಕಡೆ ಇಲಿಜ್ವರ ಹೊಸದೇನಲ್ಲವಲ್ಲ.

ಬ್ರೇಕ್ ಕಚ್ಚಿಕೊಂಡಿರುತ್ತದೆ, ಎಳೆದರೆ ಬರುವುದಿಲ್ಲ. ಡ್ರಮ್ಮಿನ ಸುತ್ತ ಮರದ ಕೊಡತಿಯಿಂದ ಹಗುರಾಗಿ ಬಡಿದು ಬಿಡಿಸಿ. ಟೈರು ನೋಡಲು ಚೆನ್ನಾಗಿದ್ದರೂ ಹತ್ತು ವರ್ಷ ನಿಂತದ್ದನ್ನು ಎಸೆಯಿರಿ.

ಎಂಜಿನ್‌ಗೆ ಜೀವ

ಪದ್ಮಿನಿಯ ಎಂಜಿನ್ 1089 ಸಿಸಿ, ನಾಲ್ಕು ಸಿಲಿಂಡರ್. 1964ರಿಂದ ಮುಂಬೈನ ಕುರ್ಲಾದಲ್ಲಿ ತಯಾರಾದ ಫಿಯಟ್ 1100 ಡಿಯದ್ದೇ ಇದು, ಎಪ್ಪತ್ತರ ದಶಕದಲ್ಲಿ ಗಾಡಿಯ ಹೆಸರು ಪದ್ಮಿನಿ ಆಯಿತು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಪೆಟ್ರೋಲ್, ಗಾಳಿ, ಕಿಡಿ, ಮೂರೂ ಕಣ್ಣಿಗೆ ಕಾಣುತ್ತವೆ. ಮಗುವಿಗೆ ಕಲಿಸಲು ಇದಕ್ಕಿಂತ ಒಳ್ಳೇ ಪಾಠೋಪಕರಣ ಸಿಗುವುದಿಲ್ಲ.

ಆಸೆಗೆ ಬಿದ್ದು ಮೊದಲ ದಿನವೇ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯಬೇಡಿ. ಪಿಸ್ಟನ್ ರಿಂಗು ಕಚ್ಚಿದ್ದರೆ ಮುರಿಯುತ್ತದೆ.

1. ನಾಲ್ಕೂ ಪ್ಲಗ್ ಬಿಚ್ಚಿ. ಬಿಚ್ಚುವ ಮುಂಚೆ ವೈರುಗಳಿಗೆ 1, 2, 3, 4 ಎಂದು ಚೀಟಿ ಅಂಟಿಸುವ ಕೆಲಸ ಮಗುವಿನದು. ಕಿಡಿ ಹಾರುವ ಕ್ರಮ 1-3-4-2. ಯಾಕೆ 1-2-3-4 ಅಲ್ಲ ಎಂದು ಮಗಳು ಕೇಳಿದಳು. ಪಿಸ್ಟನ್‌ಗಳನ್ನು ಹೊತ್ತು ತಿರುಗುವ ಕ್ರ್ಯಾಂಕಿನಲ್ಲಿ 1 ಮತ್ತು 4 ಒಟ್ಟಿಗೆ ಏರುತ್ತವೆ, 2 ಮತ್ತು 3 ಒಟ್ಟಿಗೆ, ಹಾಗಾಗಿ 2 ಒದ್ದ ಬೆನ್ನಿಗೇ 3 ಒದೆಯಲಾಗದು ಎಂದೆ.

2. ಪ್ಲಗ್ ತೂತಿನಲ್ಲಿ ಎಂಜಿನ್ ಆಯಿಲ್ ಮತ್ತು ಡೀಸೆಲ್ ಅರ್ಧರ್ಧ ಬೆರೆಸಿ ಎರಡೆರಡು ಚಮಚ ಹಾಕಿ. ಮೂರು ದಿನ ಮುಟ್ಟಬೇಡಿ. ಕಾಯುವುದೇ ಕಷ್ಟದ ಕೆಲಸ.

3. ಹಳೇ ಆಯಿಲ್, ರೇಡಿಯೇಟರಿನ ಹಳೇ ನೀರು ಪೂರ್ತಿ ಇಳಿಸಿ. ನಮ್ಮ ಆಯಿಲ್ ಕಾಕಂಬಿಯ ಹಾಗಿತ್ತು. ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ, ಎಂಜಿನ್ ತಲೆಯ ಅಡಿಯ ಪಟ್ಟಿ, ಅಂದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಹೊಸ ಆಯಿಲ್, ಹೊಸ ನೀರು ತುಂಬಿ. ಹಳೇದನ್ನು ತೋಟಕ್ಕೆ, ಹಳ್ಳಕ್ಕೆ ಸುರಿಯಬೇಡಿ, ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

4. ಟಾಪ್ ಗೇರ್ ಹಾಕಿ. ಪ್ಲಗ್ ಇಲ್ಲದೆಯೇ ಕಾರನ್ನು ಹಿಂದೆ ಮುಂದೆ ತೂಗಿ. ಮಗು ಒಂದು ಬಾಗಿಲ ಬಳಿ, ನೀವು ಇನ್ನೊಂದು ಕಡೆ. ಫ್ಯಾನ್ ಒಂದು ಅಂಗುಲ ತಿರುಗಿದರೆ ಗೆದ್ದಿರಿ. ನಮ್ಮದು ಮೊದಲ ದಿನ ಅಲ್ಲಾಡಲಿಲ್ಲ. ನಾಲ್ಕನೇ ದಿನ "ಟಕ್" ಅಂತ ಬಿಟ್ಟುಕೊಂಡಿತು. ಮಗಳು ಕಿರುಚಿದ್ದಕ್ಕೆ ಅಡಿಗೆಮನೆಯಿಂದ ಅಮ್ಮ ಸೌಟು ಹಿಡಿದೇ ಓಡಿ ಬಂದರು.

5. ಈಗ ಬ್ಯಾಟರಿ ಕೊಡಿ. ಪ್ಲಗ್ ಹಾಕದೆ ಹತ್ತತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಆಯಿಲ್ ದೀಪ ಆರುವವರೆಗೆ. ಒಳಗಿಂದ ಆಯಿಲ್ ಚಿಮ್ಮುತ್ತದೆ, ಪ್ಲಗ್ ತೂತಿನ ಎದುರು ಯಾರೂ ನಿಲ್ಲಬೇಡಿ.

6. ಕಿಡಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಲೋಹದ ತುದಿಗಳು) ನೋಡಿ. ಹನ್ನೊಂದು ವರ್ಷದ ತೇವಕ್ಕೆ ಅದು ಹಸಿರುಗಟ್ಟಿರುತ್ತದೆ. ನಯವಾದ ಎಮರಿಯಲ್ಲಿ ಎರಡು ಸಲ ಎಳೆದು, ಆಮೇಲೆ ಬಿಳಿ ಕಾಗದ ಸಿಕ್ಕಿಸಿ ಎಳೆಯಿರಿ. ಕಾಗದ ಬೆಳ್ಳಗೆ ಹೊರಬರುವವರೆಗೆ. ಪಾಯಿಂಟ್ ಪೂರ್ತಿ ತೆರೆದಾಗ ಸಂದು ಸುಮಾರು 0.4 ಮಿ.ಮೀ., ಪ್ಲಗ್ಗಿನ ಸಂದು ಸುಮಾರು 0.6. ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ತೀರಾ ದುಬಾರಿಯಲ್ಲ, ಕೊಳ್ಳಿ. ಎಳೆಯ ಬೆರಳಿಗೆ ಈ ಕೆಲಸ ನಮಗಿಂತ ಚೆನ್ನಾಗಿ ಒಗ್ಗುತ್ತದೆ. ಗೇಜ್ ಒಳಹೋಗುವಾಗ ಬೆಣ್ಣೆಯಲ್ಲಿ ಚಾಕು ಆಡಿದಷ್ಟು ಬಿಗಿ ಇರಬೇಕು ಎಂದು ಹೇಳಿಕೊಟ್ಟೆ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಮಾತ್ರ ಹೊಸದೇ ಹಾಕಿ.

7. ಪೆಟ್ರೋಲ್. ಹಳೇ ಟ್ಯಾಂಕಿನ ಪೆಟ್ರೋಲ್ ವಾರ್ನಿಷ್ ಆಗಿರುತ್ತದೆ, ಅದನ್ನು ಎಂಜಿನ್‌ಗೆ ತೋರಿಸಲೇಬೇಡಿ. ಸಣ್ಣ ಕ್ಯಾನಿನಿಂದ ಹೊಸ ಪೈಪ್ ಹಾಕಿ ಗಾಡಿಯ ಪೆಟ್ರೋಲ್ ಪಂಪಿಗೆ ಜೋಡಿಸಿ. ಕಾರ್ಬುರೇಟರ್ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವುದು ಗ್ಯಾರೇಜುಗಳಲ್ಲಿ ಮಾಮೂಲಿ. ಮಗು ಪಕ್ಕದಲ್ಲಿದ್ದಾಗ ಬೇಡ. ಎಂಜಿನ್ ಒಂದು ಸಲ ಹಿಂದಕ್ಕೆ ಕೆಮ್ಮಿದರೆ ಬೆಂಕಿ ಮುಖಕ್ಕೇ ಬರುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಒಂದು ಕೈಗೆಟಕುವಂತಿರಲಿ.

ನಮ್ಮದು ಆರನೇ ಪ್ರಯತ್ನಕ್ಕೆ ಹತ್ತಿಕೊಂಡಿತು. ಬಿಳಿ ಹೊಗೆ, ನೀಲಿ ಹೊಗೆ, ಸೈಲೆನ್ಸರಿನಿಂದ ಒಂದು ಹಿಡಿ ಭತ್ತದ ಹೊಟ್ಟು. ಕೀ ತಿರುಗಿಸಿದ್ದು ಮಗಳು. ಆ ಒಂದು ಹಕ್ಕನ್ನು ಮಗುವಿಗೆ ಬಿಡಿ, ಎಷ್ಟೇ ಆಸೆಯಾದರೂ.

ಟ್ಯಾಂಕನ್ನು ಆಮೇಲೆ ಕಳಚಿ, ಒಳಗೆ ಹಿಡಿ ನಟ್ಟು, ನಿಂಬೆ ಉಪ್ಪು ಬೆರೆಸಿದ ಬಿಸಿನೀರು ಹಾಕಿ ಕುಲುಕಿ. ತೊಳೆದ ಮೇಲೆ ಬಿಸಿಲಲ್ಲಿ ಪೂರ್ತಿ ಒಣಗಿಸಿ. ಇನ್ನೊಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೇ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಮ್ ಎಲ್ಲ ಎಥನಾಲ್ ತಡೆಯುವಂಥದ್ದೇ ಇರಲಿ.

ಬ್ರೇಕ್: ಇಲ್ಲಿ ಜುಗ್ಗತನ ಬೇಡ

ಓಡುವ ಗಾಡಿಗಿಂತ ನಿಲ್ಲುವ ಗಾಡಿ ಮುಖ್ಯ. ಹಳೇ ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್, ಆಯಿಲ್ ಲೈನ್ ಒಂದೇ. ಎಲ್ಲೋ ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಹೋಯಿತು. ಅದಕ್ಕೆ ರಬ್ಬರ್ ಹೋಸ್, ವೀಲ್ ಸಿಲಿಂಡರ್ ಕಿಟ್, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವುದು) ಕಿಟ್, ಶೂ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವುದು) ಎಲ್ಲ ಹೊಸದು ಹಾಕಿ. ಹಳೇ ಶೂವಿನ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಆಸ್ಬೆಸ್ಟಾಸ್ ಇರಬಹುದು. ಬಾಯಿಂದ ಊದುವುದು, ಕಂಪ್ರೆಸರ್ ಗಾಳಿ ಬಿಡುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆಯನ್ನೂ ಎಸೆಯಿರಿ. ಆ ದಿನ ಮಗುವನ್ನು ದೂರ ಇಡಿ.

ಜಾಕಿಯ ವಿಷಯ ಹೇಳಲೇಬೇಕು. ಬೇಸಿಗೆ ಮಳೆ ಬಂದ ಮರುದಿನ ಅಂಗಳದಲ್ಲಿ ಹಿಂದಿನ ಚಕ್ರ ಎತ್ತಿದ್ದೆ. ನೆಲ ಗಟ್ಟಿಯಾಗೇ ಕಂಡಿತ್ತು. ಡ್ರಮ್ ಬಿಚ್ಚುತ್ತಿದ್ದಾಗ ಜಾಕಿಯ ಪಾದ ಕೆಮ್ಮಣ್ಣಿನಲ್ಲಿ ಮೆಲ್ಲಗೆ ಇಳಿದು, ಓರೆಯಾಗಿ, ಗಾಡಿ ಧಡ್ ಎಂದು ಕೂತಿತು. ಕೂತದ್ದು ಬಿಚ್ಚಿಟ್ಟ ಚಕ್ರದ ಮೇಲೆ. ನಮ್ಮ ತಗಡು ಕೆಲಸ ಮಾಡುವ ಶೆಡ್ಡಿನ ಭಾಯಿ ಹೇಳಿಕೊಟ್ಟಿದ್ದ ಅಭ್ಯಾಸ ಅದು: ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸಬಾರದು, ಕಾರಿನ ಅಡಿಗೇ ಮಲಗಿಸಬೇಕು. ಕೈ ಉಳಿಯಿತು. ಅಂದಿನಿಂದ ಜಾಕಿ ಕೆಳಗೆ ದಪ್ಪ ಹಲಗೆ, ಎತ್ತಿದ ತಕ್ಷಣ ಎರಡು ಜಾಕಿ ಸ್ಟ್ಯಾಂಡ್, ಮೇಲಾಗಿ ಚಕ್ರ. ಜಂಬಿಟ್ಟಿಗೆ ಕಲ್ಲು ಪೇರಿಸಿ ಗಾಡಿ ನಿಲ್ಲಿಸುವವರಿದ್ದಾರೆ. ಆ ಕಲ್ಲು ಭಾರಕ್ಕೆ ಪುಡಿಯಾಗುತ್ತದೆ, ನಂಬಬೇಡಿ.

ಬ್ರೇಕ್ ಲೈನಿನಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವ ಕೆಲಸಕ್ಕೆ ಮಗು ಬೇಕೇ ಬೇಕು. ಮಗು ಡ್ರೈವರ್ ಸೀಟಿನಲ್ಲಿ, ನೀವು ಚಕ್ರದ ಬಳಿ. "ಒತ್ತು" ಎಂದಾಗ ಪೆಡಲ್ ಒತ್ತಿ ಹಿಡಿಯಬೇಕು. ನೀವು ನಿಪ್ಪಲ್ ಸಡಿಲಿಸುತ್ತೀರಿ, ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಬರುತ್ತದೆ, ಬಿಗಿ ಮಾಡುತ್ತೀರಿ. ಆಮೇಲಷ್ಟೇ "ಬಿಡು". ಮೊದಲೇ ಬಿಟ್ಟರೆ ಗಾಳಿ ವಾಪಸ್. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಮ್ಮಿಬ್ಬರ ಒತ್ತು-ಬಿಡು ಒಂದು ಮಧ್ಯಾಹ್ನ ಪೂರ್ತಿ ನಡೆಯಿತು. ಕೊನೆಗೆ ಅವಳೇ, "ಅಪ್ಪಾ, ಈಗ ಪೆಡಲ್ ಕಲ್ಲಾಯ್ತು" ಎಂದಳು. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಚೆಲ್ಲಿದರೆ ಕೂಡಲೇ ನೀರು ಹಾಕಿ.

ತಗಡು

ನಂಬರಿಗೆ ಚಾಸಿ ನಂಬರ್ ಎಂದರೂ, ಜೀಪಿಗಿರುವಂತೆ ಪದ್ಮಿನಿಗೆ ಅಡಿಯಲ್ಲಿ ಬೇರೆ ಚೌಕಟ್ಟು (ಚಾಸಿ) ಇಲ್ಲ. ತಗಡಿನ ಪೆಟ್ಟಿಗೆಯೇ ಬೆನ್ನೆಲುಬು. ಹಾಗಾಗಿ ಬಾಗಿಲ ಕೆಳಗಿನ ಪಟ್ಟಿ ಕೊಳೆತರೆ ಅದು ಅಂದದ ಮಾತಲ್ಲ, ಗಾಡಿಯೇ ಬಾಗುತ್ತದೆ.

ಮಗುವಿನ ಕೈಗೆ ಹಳೇ ಸ್ಕ್ರೂಡ್ರೈವರ್ ಕೊಟ್ಟು ಎಲ್ಲ ಕಡೆ ಕುಟ್ಟಲು ಹೇಳಿ. "ಟಣ್" ಎಂದರೆ ಗಟ್ಟಿ, "ಡಬ್" ಎಂದರೆ ಕೊಳೆತಿದೆ. ಡಬ್ ಎಂದಲ್ಲಿ ಸೀಮೆಸುಣ್ಣದ ಗುರುತು. ಹಲಸು ಹಣ್ಣಾಗಿದೆಯೋ ಎಂದು ಬಡಿದು ನೋಡಿ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಕಾಲಿಡುವ ಜಾಗದ ಮ್ಯಾಟ್ ಅಡಿ, ಬ್ಯಾಟರಿ ತಟ್ಟೆ, ಡಿಕ್ಕಿಯ ಸ್ಟೆಪ್ನಿ ಗುಂಡಿ, ಚಕ್ರದ ಕಮಾನಿನ ಒಳಗೆ, ಗಾಜಿನ ರಬ್ಬರಿನ ಅಡಿ, ಇವು ಮೊದಲು. ಬಾಗಿಲಿನ ತಳದಲ್ಲಿ ನೀರು ಇಳಿಯುವ ಸಣ್ಣ ತೂತುಗಳಿರುತ್ತವೆ. ನಮ್ಮ ಕೆಮ್ಮಣ್ಣು ಅದನ್ನು ಮುಚ್ಚಿ, ಒಳಗೆ ಕೆರೆ ಕಟ್ಟಿರುತ್ತದೆ. ತೆಂಗಿನ ಕಡ್ಡಿಯಿಂದ ಬಿಡಿಸುವುದು ಐದು ನಿಮಿಷದ ಕೆಲಸ.

ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ಬರೀ ಪುಟ್ಟಿ ತುಂಬಲು ಒಪ್ಪಬೇಡಿ. ಶೆಡ್ಡಿನವರ ಮುಂದೆ ಒಂದು ಅಯಸ್ಕಾಂತ ಇಟ್ಟುಕೊಂಡು ನಿಲ್ಲಿ, ಅದು ಅಂಟದ ಕಡೆ ಪುಟ್ಟಿಯೇ. ಭಾಯಿಗೆ ನನ್ನ ಮಗಳ ಅಯಸ್ಕಾಂತ ಕಂಡು ಭಾರಿ ನಗು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡೂ ಗಾಡಿಯಿಂದ ಕೆಳಗಿಳಿದಿರಲಿ. ತುಕ್ಕಿನ ಮೇಲೆಯೇ ಕಪ್ಪು ಡಾಂಬರಿನಂಥ ಅಂಡರ್‌ಕೋಟ್ ಬಳಿಯಬೇಡಿ, ತೇವ ಒಳಗೇ ಸಿಕ್ಕಿ ಕೆಲಸ ಇನ್ನೂ ಬೇಗ ಕೆಡುತ್ತದೆ. ಮೊದಲು ಸತುವಿನ ಪ್ರೈಮರ್, ಆಮೇಲೆ ಅಂಡರ್‌ಕೋಟ್. ಬಾಗಿಲ ಕೆಳಗಿನ ಪಟ್ಟಿಯ ಟೊಳ್ಳಿನೊಳಗೆ ಮೇಣದ ಸ್ಪ್ರೇ.

ಪಾರ್ಟು, ವೈರು

ಪದ್ಮಿನಿಯ ಪಾರ್ಟು ಇಷ್ಟು ವರ್ಷ ಸುಲಭವಾಗಿ ಸಿಕ್ಕಿದ್ದಕ್ಕೆ ಮುಂಬೈ ಟ್ಯಾಕ್ಸಿಗಳೂ ಒಂದು ಕಾರಣ. 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ನಿಂತಿತು. ಬ್ರೇಕ್ ಕಿಟ್, ಗ್ಯಾಸ್ಕೆಟ್ ಸಿಕ್ಕಾಗ ಎರಡೆರಡು ಸೆಟ್ ತೆಗೆದಿಡಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಸುತ್ತಿ, ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ. ಹಳೇ ಪಾರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಹೆಸರು ಹೇಳಿ ತಂದದ್ದು ನಮಗೆ ಎರಡು ಸಲ ಕೂರಲಿಲ್ಲ. ಬಾಗಿಲ ಹಿಡಿ, ಮೀಟರ್, ಕ್ರೋಮ್ ಪಟ್ಟಿಗೆ ಗುಜರಿ ಅಂಗಡಿಯೇ ಸೈ.

ವೈರನ್ನು ಇಲಿ ತಿಂದಿದ್ದರೆ ತೇಪೆ ಹಾಕುತ್ತಾ ಕೂರಬೇಡಿ, ಪೂರ್ತಿ ಹೊಸ ಸೆಟ್ ಹಾಕಿ. ಫ್ಯೂಸ್ ಮಾತ್ರ ಹೇಳಿದ ಅಳತೆಯದ್ದೇ. ಬೆಳ್ಳಿ ಕಾಗದ ಸುತ್ತುವ ನಮ್ಮೂರಿನ ಬುದ್ಧಿವಂತಿಕೆಯಿಂದ ಗಾಡಿ ಸುಟ್ಟದ್ದಿದೆ.

ಕೊನೆಗೂ ಬಣ್ಣ

ಮಾರ್ಚ್ ಅಥವಾ ಏಪ್ರಿಲ್, ಒಣ ಬಿಸಿಲು, ಧೂಳು ಏಳದ ಶೆಡ್ಡು. ಈ ಕೆಲಸ ಪೇಂಟರಿಗೇ ಬಿಡಿ, ಆಧುನಿಕ ಬಣ್ಣದ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಬಣ್ಣ ಯಾವುದೆಂದು ಮಗು ಹೇಳಲಿ. ಮಗಳು ಗ್ಲವ್ ಬಾಕ್ಸಿನ ಒಳಗೆ ಬಿಸಿಲು ತಾಗದೆ ಉಳಿದಿದ್ದ ತಿಳಿ ನೀಲಿಯನ್ನು ತೋರಿಸಿ, "ಅಜ್ಜ ತಂದಾಗ ಹೀಗಿತ್ತಲ್ವಾ?" ಎಂದಳು. ಅದೇ ಹೊಡೆಸಿದೆವು. ಆರ್‌ಸಿಯಲ್ಲಿರುವ ಬಣ್ಣ ಬದಲಿಸುವುದಾದರೆ ಆರ್‌ಟಿಒಗೆ ತಿಳಿಸಬೇಕು ಎಂಬುದು ನೆನಪಿರಲಿ.

ಮೊದಲ ಓಟ

ಆರ್‌ಸಿ, ವಿಮೆ, ಹೊಗೆ ಸರ್ಟಿಫಿಕೇಟ್ ಮೂರೂ ಆದ ಮೇಲೆ ರಸ್ತೆ. ಆಯುಧಪೂಜೆಗೆ ಕಾಯಬೇಕಿಲ್ಲ, ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟರಾಯಿತು. ಮೊದಲ ದಿನ ಐದು ಕಿಲೋಮೀಟರ್, ವಾಪಸ್ ಬಂದು ನಾಲ್ಕೂ ಡ್ರಮ್ ಮುಟ್ಟಿ ನೋಡಿ. ಒಂದು ಮಾತ್ರ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಕಚ್ಚುತ್ತಿದೆ. ಆಮೇಲೆ ಮಂಡಗದ್ದೆಯವರೆಗೆ ಹೋಗಿ ಹಕ್ಕಿ ನೋಡಿ ಬನ್ನಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಐನೂರು ಕಿಲೋಮೀಟರ್ ಓಡಿದ ಮೇಲೆ. ಇಳಿಯುವಾಗ ಸೆಕೆಂಡ್ ಗೇರ್, ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ ಕಾದು ಹಿಡಿತವೇ ಹೋಗುತ್ತದೆ. ಏರುವಾಗ ಎಂಜಿನ್ ಮುಕ್ಕರಿಸಿ ನಿಂತರೆ ಗಾಬರಿ ಬೇಡ, ಪಂಪಿನಲ್ಲಿ ಪೆಟ್ರೋಲ್ ಕಾದು ಆವಿಯಾಗಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಚಹಾ ಕುಡಿಯಿರಿ.

ಮೇ ಕೊನೆಗೆ ಗಾಡಿಯನ್ನು ಮತ್ತೆ ಒಳಗಿಡುವಾಗ ಟ್ಯಾಂಕಿನ ಪೆಟ್ರೋಲ್ ಇಳಿಸಿ, ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿ, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಟಾರ್ಪಾಲು ಹೊದಿಸಬೇಡಿ, ಅದು ತೇವ ಹಿಡಿದಿಡುತ್ತದೆ. ಹಳೇ ಹತ್ತಿ ಬೆಡ್‌ಶೀಟ್ ಸಾಕು. ಗಾಜು ಬೆರಳು ತೂರುವಷ್ಟು ಇಳಿದಿರಲಿ, ಒಳಗೆ ಒಂದು ಬುಟ್ಟಿ ಇದ್ದಿಲು. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಅದಕ್ಕೊಂದು ಕೆಂಪು ದಾರ ಕಟ್ಟಿ ಸ್ಟೀರಿಂಗಿಗೂ ಅದೇ ದಾರ ಕಟ್ಟಿ, ಸ್ಟಾರ್ಟ್ ಮಾಡುವಾಗ ನೆನಪಾಗಲಿ ಎಂದು. ಈ ದಾರದ ಉಪಾಯ ಮಗಳದ್ದು. ನೋಟ್‌ಬುಕ್ಕಿನ 61ನೇ ಪುಟದಲ್ಲಿ ಚಿತ್ರ ಸಮೇತ ಬರೆದಿಟ್ಟಿದ್ದಾಳೆ, ಕೆಳಗೆ ಒಂದು ಸಾಲು: "ಅಪ್ಪ ಮರೆಯುತ್ತಾರೆ."